1996: 161 ಇದ್ದವರು 13 ದಿನ, 46 ಇದ್ದವರು 324 ದಿನ. ಲೆಕ್ಕ ತಪ್ಪಿದ್ದೆಲ್ಲಿ?

ಅರಳಿಕಟ್ಟೆ
ಇದನ್ನೊಂದು ಸ್ವಲ್ಪ ಬಿಡಿಸಿ ಹೇಳ್ರಪ್ಪ. 1996ರ ಲೋಕಸಭೆ ಚುನಾವಣೆ. ಬಿಜೆಪಿ 161, ಕಾಂಗ್ರೆಸ್ 140, ಜನತಾ ದಳ 46. ಮೊದಲ ಸ್ಥಾನದವರು 13 ದಿನಕ್ಕೆ ಇಳಿದರು, ಎರಡನೆಯವರು ಸರ್ಕಾರದೊಳಗೆ ಬರಲೇ ಇಲ್ಲ, ಮೂರನೆಯ ಪಕ್ಷದಿಂದ ದೇವೇಗೌಡರು ಪ್ರಧಾನಿ ಆದರು. ಹತ್ತು ತಿಂಗಳಿಗೆ ಅದೂ ಬಿತ್ತು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಕೈಕೊಟ್ಟರು". ಅಷ್ಟೇನಾ? ಆ ಸರ್ಕಾರ ಕಟ್ಟಿದ ರೀತಿಯಲ್ಲೇ ಏನಾದ್ರೂ ದೋಷ ಇತ್ತಾ? ಯಾರು ಒಳ್ಳೆಯವರು, ಯಾರು ಕೆಟ್ಟವರು ಅನ್ನೋದು ಬೇಡ. ಲೆಕ್ಕ, ನಿಯಮ ಗೊತ್ತಿರೋರು ಹೇಳಿ.

ಬಯಲುಸೀಮೆ
ದೋಷ ಏನೂ ಇಲ್ಲ. ಕಾಂಗ್ರೆಸ್‌ಗೆ ಬೇರೆಯವರು ಆಳೋದು ಸಹಿಸಲಿಲ್ಲ. 1979ರಲ್ಲಿ ಚರಣ್ ಸಿಂಗ್, 1991ರಲ್ಲಿ ಚಂದ್ರಶೇಖರ್, 1997ರಲ್ಲಿ ದೇವೇಗೌಡರು, ಅದೇ ವರ್ಷ ಗುಜ್ರಾಲ್. ನಾಲ್ಕು ಸಲ ಅದೇ ಕಥೆ, ಬೆಂಬಲ ಕೊಟ್ಟು ವಾಪಸ್ ತೆಗೆದುಕೊಳ್ಳೋದು.

ಲೆಕ್ಕಪತ್ರ
ಬಯಲುಸೀಮೆಯವರೇ, ನಾಲ್ಕು ಸಲ ಆಯ್ತು ಅಂದಮೇಲೆ ಅದು ಬರೀ ಸ್ವಭಾವದ ಮಾತಲ್ಲ, ಕಟ್ಟಡದ ದೋಷ. ಕೂಡಿಸಿ ನೋಡಿ.

ಮೊದಲು ವಾಜಪೇಯಿ ಕಡೆ: ಬಿಜೆಪಿ 161, ಶಿವಸೇನೆ 15, ಸಮತಾ 8, ಅಕಾಲಿ ದಳ 8, ಹರಿಯಾಣ ವಿಕಾಸ ಪಕ್ಷ 3. ಒಟ್ಟು 195. ಬೇಕಾದದ್ದು 272. ಕೊರತೆ 77. ಇಷ್ಟು ದೊಡ್ಡ ಕೊರತೆ ತುಂಬಬೇಕಾದರೆ ಎರಡು ಮೂರು ದೊಡ್ಡ ಪ್ರಾದೇಶಿಕ ಪಕ್ಷ ಇಡಿಯಾಗಿ ಬರಬೇಕಿತ್ತು. ಒಂದೂ ಬರಲಿಲ್ಲ.

ಈಗ ಸಂಯುಕ್ತ ರಂಗ, ಅಂದರೆ ದೇವೇಗೌಡರ ಸರ್ಕಾರ ನಡೆಸಿದ ಮೈತ್ರಿಕೂಟ. ಜನತಾ ದಳ 46, ತಮಿಳು ಮಾನಿಲ ಕಾಂಗ್ರೆಸ್ 20, ಡಿಎಂಕೆ 17, ಸಮಾಜವಾದಿ 17, ತೆಲುಗು ದೇಶಂ 16, ಸಿಪಿಐ 12, ಅಸ್ಸಾಂ ಗಣ ಪರಿಷತ್ 5, ತಿವಾರಿ ಕಾಂಗ್ರೆಸ್ 4. ಇಷ್ಟು ಮಂತ್ರಿಮಂಡಲದ ಒಳಗಿದ್ದ ಮುಖ್ಯ ಪಕ್ಷಗಳು. ಒಟ್ಟು 137. ಸಿಪಿಎಂ 32, ಆರ್‌ಎಸ್‌ಪಿ 5, ಫಾರ್ವರ್ಡ್ ಬ್ಲಾಕ್ 3 ರಂಗದ ಜೊತೆಗಿದ್ದರೂ ಸಚಿವ ಸ್ಥಾನ ತೆಗೆದುಕೊಳ್ಳಲಿಲ್ಲ. ಅವರನ್ನೂ ಸೇರಿಸಿದರೆ 177.

ಹೊರಗೆ ನಿಂತು ಕೈ ಎತ್ತಬೇಕಿದ್ದ ಕಾಂಗ್ರೆಸ್ 140.

137 ಒಳಗೆ, 140 ಹೊರಗೆ. ಮನೆಯೊಳಗೆ ಇರೋರಿಗಿಂತ ಹೊರಗಿನಿಂದ ಗೋಡೆ ಹಿಡಿದುಕೊಂಡವರೇ ಹೆಚ್ಚು. ನನ್ನ ಪ್ರಕಾರ ಲೆಕ್ಕ ತಪ್ಪಿದ್ದು ಇಲ್ಲೇ.

ಮುಂಗಾರು
ಚಂದ್ರಶೇಖರ್ ಸ್ಥಿತಿ ಇದಕ್ಕಿಂತ ಕೆಟ್ಟದಿತ್ತು ಅಲ್ವಾ?

ಲೆಕ್ಕಪತ್ರ
ಹೌದು ಮೇಡಂ. ಜನತಾ ದಳ ಒಡೆದು ಅವರ ಜೊತೆ ಬಂದವರು ಅರವತ್ತು ಚಿಲ್ಲರೆ. ಬೆಂಬಲ ಕೊಟ್ಟ ಕಾಂಗ್ರೆಸ್ 1989ರಲ್ಲಿ ಗೆದ್ದದ್ದು 197. ಮೂರು ಪಟ್ಟು. ನವೆಂಬರ್ 10, 1990ಕ್ಕೆ ಪ್ರಮಾಣವಚನ, ಮಾರ್ಚ್ 6, 1991ಕ್ಕೆ ರಾಜೀನಾಮೆ. ಚರಣ್ ಸಿಂಗ್ ಅಂತೂ ಜುಲೈ 28, 1979ಕ್ಕೆ ಬಂದು ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟರು, ಒಂದು ದಿನವೂ ಲೋಕಸಭೆ ಎದುರಿಸಲಿಲ್ಲ. ಬೆಂಬಲ ಕೊಡುವ ಪಕ್ಷ ಸರ್ಕಾರಕ್ಕಿಂತ ಎಷ್ಟು ದೊಡ್ಡದೋ ಸರ್ಕಾರದ ಆಯಸ್ಸು ಅಷ್ಟು ಕಡಿಮೆ ಅನ್ನೋದು ಚಂದ್ರಶೇಖರ್, ದೇವೇಗೌಡರ ಎರಡು ಸರ್ಕಾರ ಹೋಲಿಸಿದರೆ ಕಾಣುತ್ತೆ.

ಕಾನೂನು_ಕಟ್ಟೆ
ತಲೆಬರಹದ ದಿನಗಳ ಬಗ್ಗೆ ಒಂದು ತಿದ್ದುಪಡಿ. ವಾಜಪೇಯಿ ಪ್ರಮಾಣವಚನ ಮೇ 16, ರಾಜೀನಾಮೆ ಮೇ 28. ಅದು 13 ದಿನ. ಆದರೆ ದೇವೇಗೌಡರು ಪ್ರಮಾಣ ಮಾಡಿದ ಜೂನ್ 1ರ ತನಕ ಹಂಗಾಮಿಯಾಗಿ ಇದ್ದವರು ವಾಜಪೇಯಿಯವರೇ. ದೇವೇಗೌಡರ 324 ದಿನ ಅನ್ನೋದು ಗುಜ್ರಾಲ್ ಬಂದ ಏಪ್ರಿಲ್ 21, 1997ರ ತನಕದ ಎಣಿಕೆ. ಸದನದಲ್ಲಿ ಸೋತದ್ದು ಏಪ್ರಿಲ್ 11ಕ್ಕೆ, ಅಂದರೆ 314ನೇ ದಿನದ ಹೊತ್ತಿಗೆ. ಒಬ್ಬರಿಗೆ ಹಂಗಾಮಿ ದಿನ ಬಿಟ್ಟು, ಇನ್ನೊಬ್ಬರಿಗೆ ಹಂಗಾಮಿ ದಿನ ಸೇರಿಸಿ ಹೋಲಿಸಬಾರದು. ಗುಜ್ರಾಲ್ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು: ಏಪ್ರಿಲ್ 21ರಿಂದ ನವೆಂಬರ್ 28ರ ರಾಜೀನಾಮೆವರೆಗೆ 221 ದಿನ, ಅಲ್ಲಿಂದ ಮಾರ್ಚ್ 19, 1998ರ ತನಕ ಹಂಗಾಮಿ 111 ದಿನ.

ಅರಳಿಕಟ್ಟೆ
ಸರಿ ಸರ್, ಒಪ್ಪಿದೆ. ಈಗ ನನ್ನ ಎರಡನೇ ಪ್ರಶ್ನೆ. 195 ಮಾತ್ರ ಇದ್ದವರನ್ನು ರಾಷ್ಟ್ರಪತಿ ಕರೆದದ್ದೇ ತಪ್ಪಲ್ವಾ?

ಬಯಲುಸೀಮೆ
ಖಂಡಿತ ತಪ್ಪು. ಬಹುಮತ ಇಲ್ಲ ಅಂತ ಬೀದಿಯಲ್ಲಿ ಹೋಗೋರಿಗೂ ಗೊತ್ತಿತ್ತು.

ಕಾನೂನು_ಕಟ್ಟೆ
ತಪ್ಪು ಅನ್ನೋಕಾಗಲ್ಲ. ಆಗ ಇದ್ದ ರೂಢಿ ನೋಡಿ. 1989ರಲ್ಲಿ ಆರ್. ವೆಂಕಟರಾಮನ್ ಮೊದಲು ಅತಿ ದೊಡ್ಡ ಪಕ್ಷವನ್ನೇ ಕೇಳಿದರು. ರಾಜೀವ್ ಗಾಂಧಿ ಒಲ್ಲೆ ಅಂದಮೇಲೆ ವಿ.ಪಿ. ಸಿಂಗ್‌ಗೆ ಅವಕಾಶ ಹೋಯಿತು. ಶಂಕರ್ ದಯಾಳ್ ಶರ್ಮಾ ಅದೇ ದಾರಿ ಹಿಡಿದರು, ಮೇ 31ರೊಳಗೆ ಬಹುಮತ ತೋರಿಸಿ ಅಂದರು.

ಸರ್ಕಾರಿಯಾ ಆಯೋಗ 1988ರ ವರದಿಯಲ್ಲಿ ರಾಜ್ಯಪಾಲರಿಗೆ ಒಂದು ಕ್ರಮ ಹೇಳಿತ್ತು. ಮೊದಲು ಚುನಾವಣಾಪೂರ್ವ ಮೈತ್ರಿಕೂಟ, ಆಮೇಲೆ ಇತರರ ಬೆಂಬಲ ಇರುವ ಅತಿ ದೊಡ್ಡ ಪಕ್ಷ, ಆಮೇಲೆ ಎಲ್ಲರೂ ಸರ್ಕಾರ ಸೇರುವ ಚುನಾವಣೋತ್ತರ ಮೈತ್ರಿ, ಕೊನೆಗೆ ಕೆಲವರು ಒಳಗೆ ಕೆಲವರು ಹೊರಗೆ ಇರುವ ಮೈತ್ರಿ. ರಾಷ್ಟ್ರಪತಿಯನ್ನು ಇದು ಕಟ್ಟಿಹಾಕಲ್ಲ, ಆದರೆ ಅಳತೆಗೋಲಾಗಿ ಇಟ್ಟು ನೋಡಿದರೆ ಸಂಯುಕ್ತ ರಂಗ ಬರೋದು ಕಟ್ಟಕಡೆಯ ನಾಲ್ಕನೇ ಮೆಟ್ಟಿಲಿಗೆ.

1998ರಲ್ಲಿ ಕೆ.ಆರ್. ನಾರಾಯಣನ್ ಈ ರೂಢಿ ಬದಲಿಸಿದರು. ಮೊದಲು ಬೆಂಬಲದ ಪತ್ರ ತನ್ನಿ, ಆಮೇಲೆ ಆಹ್ವಾನ. ಜಯಲಲಿತಾ ಪತ್ರ ತಡವಾದ್ದಕ್ಕೆ ವಾಜಪೇಯಿ ಕಾಯಬೇಕಾಯಿತು. ನನಗೆ ಇದೇ ಸರಿ ಕಾಣುತ್ತೆ. ಪತ್ರ ಕೇಳಿದ್ದರೆ 13 ದಿನದ ಸರ್ಕಾರ ಹುಟ್ಟುತ್ತಲೇ ಇರಲಿಲ್ಲ.

ಮುಂಗಾರು
ಪತ್ರಕ್ಕೇನು ಬೆಲೆ? ಪತ್ರ ಕೊಟ್ಟ ಜಯಲಲಿತಾ ಅವರೇ 1999ರ ಏಪ್ರಿಲ್‌ನಲ್ಲಿ ವಾಪಸ್ ಪಡೆದರು. ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಮಾರ್ಚ್ 1994ರಲ್ಲೇ ಬಂದಿದೆ, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಅಂತ. ರಾಷ್ಟ್ರಪತಿ ಭವನದಲ್ಲಿ ಕೂತು ತಲೆ ಎಣಿಸೋದಕ್ಕಿಂತ ಹದಿನೈದು ದಿನ ಕೊಟ್ಟು ಸದನಕ್ಕೆ ಬಿಟ್ಟ ಶರ್ಮಾ ಅವರದ್ದೇ ನೇರ ದಾರಿ.

ಕಾನೂನು_ಕಟ್ಟೆ
ಕೊನೆಯ ತೀರ್ಮಾನ ಸದನದ್ದೇ ಮೇಡಂ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಅವಕಾಶ ಯಾರಿಗೆ ಅನ್ನೋದಷ್ಟೇ ಪ್ರಶ್ನೆ. ಬಹುಮತ ಇಲ್ಲದವರ ಕೈಗೆ ಹದಿನೈದು ದಿನ ಅಧಿಕಾರ ಕೊಟ್ಟರೆ ಆ ಹದಿನೈದು ದಿನ ಖರೀದಿಯ ಸಂತೆ ಆಗುವ ಅಪಾಯ ಇದೆ. ಆಗ ಒಂದು ಪಕ್ಷದ ಮೂರನೇ ಒಂದು ಭಾಗ ಹೊರಬಂದರೂ ಅದು 'ಒಡಕು', ಸದಸ್ಯತ್ವ ಹೋಗುತ್ತಿರಲಿಲ್ಲ. ಆ ಕಿಂಡಿ ಮುಚ್ಚಿದ್ದು 2003ರ 91ನೇ ತಿದ್ದುಪಡಿಯಲ್ಲಿ.

ಕುಂದಾನಗರಿ
ನೀವೆಲ್ಲಾ ಫಲಿತಾಂಶದ ಮ್ಯಾಲಿನ ಲೆಕ್ಕ ಹಾಕಾಕತ್ತೀರಿ. ಅದಕ್ಕೂ ಮೊದಲಿಂದು ನೋಡ್ರಿ. 1996ರಾಗ ಬೆಳಗಾವಿ ಲೋಕಸಭಾ ಕ್ಷೇತ್ರದಾಗ ಕಣದಾಗಿದ್ದವರು 456 ಮಂದಿ! ಇಡೀ ದೇಶದಾಗ ಇದಕ್ಕಿಂತ ಹೆಚ್ಚಿದ್ದದ್ದು ಆಗಿನ ಆಂಧ್ರದ ನಲ್ಗೊಂಡದಾಗ, 480.

ಅರಳಿಕಟ್ಟೆ
456?? ಮತಪತ್ರ ಹೇಗೆ ಅಚ್ಚು ಹಾಕೋದು ಅದಕ್ಕೆ?

ಕುಂದಾನಗರಿ
ಒಂದು ಹಾಳಿಯಾಗ ಹಿಡಿಯೂದ ಸಾಧ್ಯ ಇಲ್ರಿ. ಪುಸ್ತಕದಂಗ ಹೊಲೀಬೇಕಾಕ್ಕೈತಿ. ಒಬ್ಬೊಬ್ಬ ಮತದಾರ ಪುಟ ತಿರುವಿ ತನ್ನ ಚಿಹ್ನೆ ಹುಡುಕಬೇಕು, ಸಿಕ್ಕ ಮ್ಯಾಲೆ ಶಿಕ್ಕಾ ಒತ್ತಬೇಕು, ಮಸಿ ಎದುರಿನ ಪುಟಕ್ಕ ಹತ್ತಿದ್ರ ಆ ಮತ ಯಾರಿಗೆ ಅಂತ ಎಣಿಸುವಾಗ ತಕರಾರು. ಮತಪೆಟ್ಟಿಗಿ ಲಗೂನ ತುಂಬತೈತಿ. ಎಣಿಸುವಾಗ 456 ಕಟ್ಟು ಮಾಡಾಕ ಮೇಜಿನ ಮ್ಯಾಲೆ ಜಾಗಾನ ಸಾಲೂದಿಲ್ಲ.

ಇದಕ್ಕೆಲ್ಲಾ ಕಾರಣ ಠೇವಣಿ. ಆಗ ಲೋಕಸಭಾಕ್ಕ ಬರೇ 500 ರೂಪಾಯಿ, ಪರಿಶಿಷ್ಟರಿಗೆ 250. ಅಂದ್ರ 456 ಮಂದಿದೂ ಪೂರ್ತಿ ಠೇವಣಿ ಅಂತ ಹಿಡಿದ್ರೂ 2,28,000 ರೂಪಾಯಿ ದಾಟೂದಿಲ್ಲ. ಅಷ್ಟರಾಗ ಒಂದು ಕ್ಷೇತ್ರದ ಚುನಾವಣಾನ ಬುಡಮೇಲು ಮಾಡಬಹುದಿತ್ತು.

ಲೆಕ್ಕಪತ್ರ
ಕುಂದಾನಗರಿಯವರು ಹೇಳಿದ್ದಕ್ಕೆ ಮುಂದಿನ ಭಾಗ ಸೇರಿಸ್ತೀನಿ. 1996ರಲ್ಲಿ ದೇಶಾದ್ಯಂತ ಅಭ್ಯರ್ಥಿಗಳು 13,952. ಅದೇ ವರ್ಷ ಆಗಸ್ಟ್‌ನಿಂದ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಜಾರಿಗೆ ಬಂತು. ಠೇವಣಿ 500ರಿಂದ 10,000ಕ್ಕೆ ಏರಿತು, ಪರಿಶಿಷ್ಟರಿಗೆ 5,000. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಸೂಚಕರು. ಒಬ್ಬರು ಎರಡಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನಿಲ್ಲುವಂತಿಲ್ಲ. 1998ರಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಮೂರರಲ್ಲಿ ಎರಡು ಪಾಲು ಮಾಯ. ಈ ತಿದ್ದುಪಡಿ ಬಂದದ್ದು ಇದೇ ಅಲ್ಪಾಯುಷಿ ಸರ್ಕಾರದ ಕಾಲದಲ್ಲಿ, ಅದನ್ನು ಯಾರೂ ನೆನೆಯಲ್ಲ.

ಮುಂಗಾರು
ಈಗಿನ ಮತಯಂತ್ರದಲ್ಲಿ 456 ಜನ ನಿಂತರೆ ಏನು ಮಾಡ್ತಾರೆ?

ಕುಂದಾನಗರಿ
ಮತ್ತ ಕಾಗದಕ್ಕ ಬರಬೇಕ್ರಿ. ಒಂದು ಬ್ಯಾಲೆಟ್ ಯೂನಿಟ್‌ನ್ಯಾಗ 16 ಗುಂಡಿ. ಹಳೇ ಎಂ2 ಮಾದರಿಗೆ 4 ಯೂನಿಟ್ ಜೋಡಿಸಬಹುದು, ಅಂದ್ರ 64. ಹೊಸ ಎಂ3ಗೆ 24 ಯೂನಿಟ್, 384. ಅದರಾಗ ನೋಟಾ ಒಂದು ಗುಂಡಿ ತಿಂತೈತಿ. 2019ರಾಗ ನಿಜಾಮಾಬಾದಿನ್ಯಾಗ 185 ಮಂದಿ ನಿಂತಾಗ 12 ಯೂನಿಟ್ ಸಾಲಾಗಿ ಜೋಡಿಸಿದ್ರು.

ಬಯಲುಸೀಮೆ
ವಿಷಯ ಎಲ್ಲಿಂದ ಎಲ್ಲಿಗೋ ಹೋಯ್ತು. ದೇವೇಗೌಡರ ಸರ್ಕಾರಕ್ಕೆ ವಾಪಸ್ ಬನ್ನಿ. ಅವರು ಲೋಕಸಭೆಗೆ ನಿಂತು ಗೆದ್ದಿದ್ದರೆ ಸ್ವಲ್ಪ ತೂಕ ಬರ್ತಿತ್ತು ಅಂತ ನನ್ನ ಅಭಿಪ್ರಾಯ.

ಕಾನೂನು_ಕಟ್ಟೆ
ತೂಕದ ಮಾತು ಬಿಡಿ, ಒಂದು ಓಟಾದರೂ ಬರ್ತಿತ್ತು. ಜೂನ್ 1ರಂದು ಪ್ರಮಾಣ ಮಾಡಿದಾಗ ಅವರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ. ಸಂವಿಧಾನದ 75(5)ನೇ ವಿಧಿಯಂತೆ ಆರು ತಿಂಗಳೊಳಗೆ ಒಂದು ಸದನಕ್ಕೆ ಬರಬೇಕು. ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಬಂದರು. 88ನೇ ವಿಧಿ ಪ್ರಕಾರ ಮಂತ್ರಿ ಯಾವ ಸದನದಲ್ಲಾದರೂ ಮಾತಾಡಬಹುದು, ಆದರೆ ತಾನು ಸದಸ್ಯನಲ್ಲದ ಸದನದಲ್ಲಿ ಮತ ಹಾಕುವಂತಿಲ್ಲ. ಹಾಗಾಗಿ ಏಪ್ರಿಲ್ 11ರಂದು ತನ್ನದೇ ಸರ್ಕಾರದ ವಿಶ್ವಾಸಮತಕ್ಕೆ ಪ್ರಧಾನಿ ಓಟು ಹಾಕುವ ಹಾಗಿರಲಿಲ್ಲ. ಗುಜ್ರಾಲ್ ಕೂಡ ರಾಜ್ಯಸಭೆಯವರೇ.

ಕೆಂಪುನೆಲ
ತೂಕ ಬರಬೇಕಿದ್ದದ್ದು ಎಡಪಕ್ಷದಿಂದ. ಮೊದಲು ವಿ.ಪಿ. ಸಿಂಗ್ ತಮಗೆ ಪ್ರಧಾನಿ ಪದವಿ ಬೇಡ ಅಂದರು, ಆಮೇಲೆ ರಂಗದವರೆಲ್ಲಾ ಸಿಪಿಎಂನ ಜ್ಯೋತಿ ಬಸು ಹೆಸರು ಹಿಡಿದರು. ಸಿಪಿಎಂ ಕೇಂದ್ರ ಸಮಿತಿ ಒಪ್ಪಲಿಲ್ಲ. ಬಸು ಅವರೇ ಮುಂದೆ ಅದನ್ನು ಐತಿಹಾಸಿಕ ಪ್ರಮಾದ ಅಂದರು. ಸಮಿತಿಯ ವಾದ ಏನೆಂದರೆ 32 ಸ್ಥಾನದಲ್ಲಿ ನಮ್ಮ ನೀತಿ ನಡೆಸೋಕೆ ಆಗಲ್ಲ, ಹೆಸರು ಮಾತ್ರ ನಮ್ಮದಾಗುತ್ತೆ. ಆ ವಾದ ಪೂರ್ತಿ ಸುಳ್ಳಲ್ಲ. ಆದರೆ ಸಿಪಿಐ ಬೇರೆ ದಾರಿ ಹಿಡಿಯಿತು: ಇಂದ್ರಜಿತ್ ಗುಪ್ತಾ ಗೃಹ ಸಚಿವರಾದರು, ಚತುರಾನನ ಮಿಶ್ರಾ ಕೃಷಿ. ಸ್ವಾತಂತ್ರ್ಯ ಬಂದಮೇಲೆ ಕೇಂದ್ರದಲ್ಲಿ ಕಮ್ಯುನಿಸ್ಟರು ಮಂತ್ರಿಗಳಾದದ್ದು ಅದೇ ಮೊದಲು.

ಬಸು ಬಂದಿದ್ದರೂ ಕಾಂಗ್ರೆಸ್‌ನ 140 ಹೊರಗೇ ಇರ್ತಿತ್ತು, ಅದನ್ನೂ ಒಪ್ತೀನಿ. ಹೊರಗಿನವರ ಸಂಖ್ಯೆ 180ರಿಂದ 148ಕ್ಕೆ ಇಳಿಯುತ್ತಿತ್ತು ಅಷ್ಟೇ.

ಬಯಲುಸೀಮೆ
ನಮ್ಮ ರಾಜ್ಯದ 16 ಮರೆಯಬೇಡಿ. 28ರಲ್ಲಿ 16 ಜನತಾ ದಳ, 6 ಬಿಜೆಪಿ, 5 ಕಾಂಗ್ರೆಸ್, ಒಂದು ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್. ದಳದ 46ರಲ್ಲಿ ಬಿಹಾರ 22, ಕರ್ನಾಟಕ 16. ಈ ಎರಡೇ ರಾಜ್ಯದಿಂದ 38.

ಲೆಕ್ಕಪತ್ರ
ಅದೇ ದೌರ್ಬಲ್ಯ ಕೂಡ. ಎರಡು ಕಂಬದ ಮೇಲೆ ನಿಂತ ಪಕ್ಷ. ಕರ್ನಾಟಕದ ಕಂಬದಲ್ಲಿ ಜೂನ್ 1996ರಲ್ಲೇ ರಾಮಕೃಷ್ಣ ಹೆಗಡೆ ಅವರನ್ನು ಉಚ್ಚಾಟಿಸಿದರು. ಬಿಹಾರದ ಕಂಬ ಜುಲೈ 1997ರಲ್ಲಿ ಲಾಲು ಪ್ರಸಾದ್ ಅವರ ಆರ್‌ಜೆಡಿ ಆಗಿ ಬೇರೆಯಾಯಿತು.

ಬಯಲುಸೀಮೆ
ಹೆಗಡೆ ಉಚ್ಚಾಟನೆ ದೊಡ್ಡ ತಪ್ಪು, ಅದರಲ್ಲಿ ನಿಮ್ಮ ಜೊತೆ ಇದ್ದೀನಿ. 1998ರಲ್ಲಿ ರಾಜ್ಯದಲ್ಲಿ ದಳ ಕುಸಿಯೋಕೆ ಅದೇ ಮೊದಲ ಬಿರುಕು.

ಅರಳಿಕಟ್ಟೆ
ಹೊರಗಿನ ಬೆಂಬಲ ಅಂದರೆ ಕಾಗದದಲ್ಲಿ ಏನಿರುತ್ತೆ? ಒಪ್ಪಂದ ಇರಲ್ವಾ? ಕನಿಷ್ಠ ಸಾಮಾನ್ಯ ಕಾರ್ಯಕ್ರಮ ಅಂತ ಇತ್ತಲ್ಲ?

ಕಾನೂನು_ಕಟ್ಟೆ
ರಾಷ್ಟ್ರಪತಿಗೆ ಒಂದು ಪತ್ರ, ಅಷ್ಟೇ. ಕಾನೂನಿನ ಬಲ ಅದಕ್ಕಿಲ್ಲ. ಇನ್ನೊಂದು ಪತ್ರ ಕೊಟ್ಟರೆ ಮುಗೀತು. ಮಾರ್ಚ್ 30, 1997ರ ಭಾನುವಾರ ಕಾಂಗ್ರೆಸ್ ಮಾಡಿದ್ದು ಅದೇ.

ವಿಪ್ ಬಗ್ಗೆ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ತಡೆ) ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನೋ ಪಕ್ಷದ ಆದೇಶ, ಕಟ್ಟಿಹಾಕೋದು ಆಯಾ ಪಕ್ಷದ ಸದಸ್ಯರನ್ನು. ಮೈತ್ರಿಕೂಟಕ್ಕೆ ವಿಪ್ ಅನ್ನೋದೇ ಇಲ್ಲ. ಕಾಂಗ್ರೆಸ್ ಸದಸ್ಯ ಒಬ್ಬ ದೇವೇಗೌಡರ ಪರ ಓಟು ಹಾಕಿದ್ದರೆ ಅವನ ಸದಸ್ಯತ್ವಕ್ಕೆ ಕುತ್ತು. ಇಡೀ ಕಾಂಗ್ರೆಸ್ ಪಕ್ಷ ಮಾತು ಮುರಿದರೆ ಯಾರಿಗೂ ಏನೂ ಆಗಲ್ಲ. ಕಾನೂನು ಬಿಡಿ ಸದಸ್ಯನಿಗೆ ಬಿಗಿ, ಪಕ್ಷಕ್ಕೆ ಸಡಿಲ.

ಕೆಂಪುನೆಲ
ಕಾರ್ಯಕ್ರಮ ಇತ್ತು, ಜೂನ್ 1996ರಲ್ಲೇ ಬಿಡುಗಡೆ ಆಯ್ತು. ಚಂದ್ರಬಾಬು ನಾಯ್ಡು ಸಂಚಾಲಕರಾಗಿ ಒಂದು ಸ್ಟೀರಿಂಗ್ ಕಮಿಟಿಯೂ ಇತ್ತು. ಆದರೆ ಆ ಸಮಿತಿಯಲ್ಲಿ ಕೂತವರು ರಂಗದ ಪಕ್ಷಗಳು. 140 ಓಟಿನ ಕಾಂಗ್ರೆಸ್‌ಗೆ ಅಲ್ಲಿ ಕುರ್ಚಿ ಇರಲಿಲ್ಲ. ಜುಲೈನಲ್ಲಿ ಡೀಸೆಲ್ ಬೆಲೆ ಏರಿಸಿದಾಗ ಸಮಿತಿಯೊಳಗಿನವರೇ ಗಲಾಟೆ ಮಾಡಿ ಸ್ವಲ್ಪ ಇಳಿಸಿಕೊಂಡರು, ಅಂದರೆ ಒಳಗಿನ ಅಸಮಾಧಾನಕ್ಕೆ ಹೊರಹೋಗೋ ದಾರಿ ಇತ್ತು. ಕಾಂಗ್ರೆಸ್ ಅಸಮಾಧಾನಕ್ಕೆ ಇದ್ದದ್ದು ಒಂದೇ ದಾರಿ, ಬೆಂಬಲ ವಾಪಸ್. ನರಸಿಂಹ ರಾವ್ ಪಕ್ಷದ ಅಧ್ಯಕ್ಷರಾಗಿರೋ ತನಕ ಪ್ರಧಾನಿ ಜೊತೆ ಮಾತುಕತೆ ನಡೀತಿತ್ತು. ಸೆಪ್ಟೆಂಬರ್‌ನಲ್ಲಿ ಕೇಸರಿ ಬಂದಮೇಲೆ ಆ ಬಾಗಿಲೂ ಮುಚ್ಚಿತು.

2004ರಲ್ಲಿ ಇದನ್ನು ನೋಡಿ ಕಲಿತರು. ಎಡಪಕ್ಷಗಳು ಹೊರಗಿದ್ದರೂ ಕಾಂಗ್ರೆಸ್ ನೇತೃತ್ವದ ಯುಪಿಎ ಜೊತೆ ಸಮನ್ವಯ ಸಮಿತಿ ಇತ್ತು. ಜಗಳ ಆದರೂ ನಾಲ್ಕು ವರ್ಷ ಎಳೆಯಿತು. ಜುಲೈ 2008ರಲ್ಲಿ ಬೆಂಬಲ ತೆಗೆದಮೇಲೂ ಸರ್ಕಾರ 275-256ರಲ್ಲಿ ಉಳಿಯಿತು, ಯಾಕಂದ್ರೆ ಸಮಾಜವಾದಿ ಪಕ್ಷ ಈ ಕಡೆ ಬಂತು.

ಮುಂಗಾರು
ಅದಕ್ಕಿಂತ ಮುಖ್ಯ ಕಾರಣ ನಿಮ್ಮ ಲೆಕ್ಕದಲ್ಲೇ ಇದೆ. 2004ರಲ್ಲಿ ದೊಡ್ಡ ಪಕ್ಷ ಒಳಗಿತ್ತು, ಚಿಕ್ಕವರು ಹೊರಗಿದ್ದರು. ಚಿಕ್ಕವರು ಹೋದರೆ ಇನ್ನೊಬ್ಬ ಚಿಕ್ಕವರನ್ನು ತರಬಹುದು. 140 ಹೋದರೆ ಅಷ್ಟನ್ನು ಎಲ್ಲಿಂದ ತರೋದು? ಸಮಿತಿ ಇದ್ದಿದ್ದರೂ 1997ರಲ್ಲಿ ಬೀಳುತ್ತಿತ್ತು.

ಲೆಕ್ಕಪತ್ರ
ಮುಂಗಾರು ಮೇಡಂ ಹೇಳಿದ್ದು ಸರಿ. ಅದಕ್ಕೆ ಸಾಕ್ಷಿಯೂ ಇದೆ. ದೇವೇಗೌಡರನ್ನು ಇಳಿಸಿ ಹತ್ತು ದಿನಕ್ಕೆ ಅದೇ ಕಾಂಗ್ರೆಸ್ ಅದೇ ರಂಗಕ್ಕೆ ಮತ್ತೆ ಬೆಂಬಲ ಕೊಟ್ಟಿತು. ಬದಲಾದದ್ದು ಮೇಲಿನ ಒಂದು ಹೆಸರು. ಕಾರ್ಯಕ್ರಮ ಅದೇ, ಪಕ್ಷಗಳು ಅವೇ. ನವೆಂಬರ್‌ನಲ್ಲಿ ರಾಜೀವ್ ಗಾಂಧಿ ಹತ್ಯೆ ಬಗ್ಗೆ ತನಿಖೆ ಮಾಡಿದ ಜೈನ್ ಆಯೋಗದ ಮಧ್ಯಂತರ ವರದಿ ಸೋರಿಕೆಯಾದಾಗ ಡಿಎಂಕೆ ಸಚಿವರನ್ನು ಕೈಬಿಡಿ ಅಂದರು, ರಂಗ ಒಪ್ಪಲಿಲ್ಲ, ನವೆಂಬರ್ 28ಕ್ಕೆ ಮತ್ತೆ ವಾಪಸ್. ಕಾರಣ ಪ್ರತಿ ಸಲ ಬೇರೆ, ಹಿಡಿಕೆ ಮಾತ್ರ ಅದೇ ಕೈಯಲ್ಲಿ.

ಅರಳಿಕಟ್ಟೆ
ಏಪ್ರಿಲ್‌ನಲ್ಲಿ ಬಿದ್ದರೆ ಬಜೆಟ್ ಗತಿ? ಚಿದಂಬರಂ ಅವರ ಹೆಸರುವಾಸಿ ಬಜೆಟ್ ಅದೇ ವರ್ಷದ್ದಲ್ವಾ?

ಲೆಕ್ಕಪತ್ರ
ಅದೇ. ಫೆಬ್ರವರಿ 28, 1997. ಆದಾಯ ತೆರಿಗೆ 10, 20, 30ಕ್ಕೆ ಇಳಿಸಿದ್ದು. 'ಕನಸಿನ ಬಜೆಟ್' ಅಂದರು. ಸರ್ಕಾರ ಬಿದ್ದಾಗ ಹಣಕಾಸು ಮಸೂದೆ ಇನ್ನೂ ಪಾಸಾಗಿರಲಿಲ್ಲ. ಲೇಖಾನುದಾನದಿಂದ ಕೆಲವು ವಾರದ ಖರ್ಚು ನಡೆಯುತ್ತೆ, ತೆರಿಗೆ ದರ ಬದಲಾಗೋಕೆ ಮಸೂದೆಯೇ ಬೇಕು. ಗುಜ್ರಾಲ್ ಬಂದಾಗ ಚಿದಂಬರಂ ಅವರ ತಮಿಳು ಮಾನಿಲ ಕಾಂಗ್ರೆಸ್ ಮುನಿಸಿಕೊಂಡು ಕೆಲ ದಿನ ಹೊರಗಿತ್ತು, ಹಣಕಾಸು ಖಾತೆ ಪ್ರಧಾನಿ ಬಳಿಯೇ ಇತ್ತು. ಮೇ ಆರಂಭದಲ್ಲಿ ಚಿದಂಬರಂ ವಾಪಸ್ ಬಂದರು, ಆಮೇಲೆ ಮಸೂದೆ ಪಾಸಾಯಿತು.

ಕುಂದಾನಗರಿ
ವಿಶ್ವಾಸಮತ ಅಂದ್ರ ಸದನದಾಗ ನಿಜವಾಗ್ಲೂ ಹ್ಯಾಂಗ ನಡೀತೈತ್ರಿ? ಟಿವಿಯಾಗ ಬರೇ ಭಾಷಣ ತೋರಸ್ತಾರ.

ಕಾನೂನು_ಕಟ್ಟೆ
ಅವಿಶ್ವಾಸ ನಿರ್ಣಯಕ್ಕೆ ಲೋಕಸಭೆಯ ನಿಯಮ 198 ಇದೆ, 50 ಸದಸ್ಯರ ಬೆಂಬಲ ಬೇಕು. ವಿಶ್ವಾಸ ನಿರ್ಣಯಕ್ಕೆ ಪ್ರತ್ಯೇಕ ನಿಯಮವೇ ಇಲ್ಲ, 184ರ ಸಾಮಾನ್ಯ ನಿರ್ಣಯವಾಗಿ ಪ್ರಧಾನಿ ಮಂಡಿಸ್ತಾರೆ. "ಈ ಸದನವು ಮಂತ್ರಿಮಂಡಲದಲ್ಲಿ ವಿಶ್ವಾಸ ವ್ಯಕ್ತಪಡಿಸುತ್ತದೆ" ಅನ್ನೋ ಅರ್ಥದ ಒಂದೇ ಸಾಲು. ಚರ್ಚೆ, ಪ್ರಧಾನಿ ಉತ್ತರ, ಆಮೇಲೆ ಸ್ಪೀಕರ್ ಧ್ವನಿಮತಕ್ಕೆ ಹಾಕ್ತಾರೆ. ಜೂನ್ 12, 1996ರಂದು ದೇವೇಗೌಡರು ಗೆದ್ದದ್ದು ಧ್ವನಿಮತದಲ್ಲೇ.

ಯಾರಾದರೂ ಒಪ್ಪದಿದ್ದರೆ ವಿಭಜನೆ. ಮೊಗಸಾಲೆ ಖಾಲಿ ಮಾಡಿಸಿ ಗಂಟೆ ಬಾರಿಸ್ತಾರೆ, ಮೂರೂವರೆ ನಿಮಿಷ. ಗಂಟೆ ನಿಂತ ಕೂಡಲೇ ಬಾಗಿಲು ಮುಚ್ಚುತ್ತೆ, ಹೊರಗುಳಿದವರು ಹೊರಗೇ. ಮತ್ತೊಮ್ಮೆ ಪ್ರಶ್ನೆ ಹಾಕ್ತಾರೆ. ಸದಸ್ಯ ಎರಡೂ ಕೈ ಬಳಸಬೇಕು: ಒಂದರಲ್ಲಿ ಮತಚಾಲನೆಯ ಸ್ವಿಚ್, ಇನ್ನೊಂದರಲ್ಲಿ ಪರಕ್ಕೆ ಹಸಿರು, ವಿರೋಧಕ್ಕೆ ಕೆಂಪು, ತಟಸ್ಥಕ್ಕೆ ಹಳದಿ ಗುಂಡಿ. ಎರಡನೇ ಗಂಟೆ ಆಗೋ ತನಕ, ಹತ್ತು ಸೆಕೆಂಡು, ಒತ್ತಿ ಹಿಡಿದಿರಬೇಕು. ಬೇಗ ಕೈ ಬಿಟ್ಟರೆ ಓಟು ದಾಖಲಾಗಲ್ಲ. ಅಂಥವರು ಚೀಟಿ ಕೊಡ್ತಾರೆ. ಫಲಕದಲ್ಲಿ ಬರೋ ಅಂಕಿ 'ತಿದ್ದುಪಡಿಗೆ ಒಳಪಟ್ಟದ್ದು', ಚೀಟಿ ಸೇರಿಸಿದ ಮೇಲೆ ಬದಲಾಗುತ್ತೆ. ಹಳೆಯ ವಿಶ್ವಾಸಮತಗಳ ಅಂಕಿ ಒಂದೊಂದು ಕಡೆ ಒಂದೊಂದು ಥರ ಕಂಡರೆ ಇದನ್ನು ನೆನಪಿಡಿ.

ಇನ್ನೊಂದು, 272 ಅನ್ನೋದು ಕಾನೂನಿನ ಗೆರೆ ಅಲ್ಲ. ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚು ಬಂದರೆ ಸಾಕು.

ಬಯಲುಸೀಮೆ
ವಾಜಪೇಯಿ ವಿಶ್ವಾಸಮತ ಸೋತರು ಅಂತ 1996ರ ಬಗ್ಗೆ ಎಷ್ಟೋ ಕಡೆ ಬರೀತಾರೆ. ಅದೂ ತಪ್ಪು ತಾನೆ?

ಕಾನೂನು_ಕಟ್ಟೆ
ತಪ್ಪು. ಮೇ 27, 28 ಎರಡು ದಿನ ಚರ್ಚೆ ಆಯ್ತು, ಉತ್ತರದ ಕೊನೆಗೆ ರಾಜೀನಾಮೆ ಕೊಡ್ತೀನಿ ಅಂತ ಹೇಳಿ ರಾಷ್ಟ್ರಪತಿ ಬಳಿ ಹೋದರು. ಮತ ಹಾಕಿಸಲೇ ಇಲ್ಲ. ಅವರು ಎಣಿಕೆಯಲ್ಲಿ ಸೋತದ್ದು ಏಪ್ರಿಲ್ 17, 1999ರಂದು, 269-270.

ಮುಂಗಾರು
ಆ ಒಂದು ಓಟು ಗಿರಿಧರ್ ಗಮಾಂಗ್ ಅವರದ್ದು ಅಂತಾರೆ. ಮುಖ್ಯಮಂತ್ರಿ ಆಗಿದ್ದವರು ಹೇಗೆ ಹಾಕಿದರು?

ಕಾನೂನು_ಕಟ್ಟೆ
ಫೆಬ್ರವರಿಯಲ್ಲಿ ಒಡಿಶಾ ಮುಖ್ಯಮಂತ್ರಿ ಆಗಿದ್ದರು, ಲೋಕಸಭಾ ಸ್ಥಾನ ಬಿಟ್ಟಿರಲಿಲ್ಲ. ಶಾಸಕರಾಗೋಕೆ ಅವರಿಗೂ ಆರು ತಿಂಗಳ ಗಡುವು ಇತ್ತು. ಸ್ಪೀಕರ್ ಬಾಲಯೋಗಿ ಅವರ ಆತ್ಮಸಾಕ್ಷಿಗೆ ಬಿಟ್ಟರು, ಅವರು ವಿರುದ್ಧ ಹಾಕಿದರು. ಆದರೆ ಆ ಒಂದೇ ಓಟಿನ ಮೇಲೆ ಹೊರಿಸೋದು ಸರಿಯಲ್ಲ. ನ್ಯಾಷನಲ್ ಕಾನ್ಫರೆನ್ಸಿನ ಸೈಫುದ್ದೀನ್ ಸೋಜ್ ತಮ್ಮ ಪಕ್ಷದ ವಿಪ್ ಮೀರಿ ವಿರುದ್ಧ ಹಾಕಿದರು. ಬಿಎಸ್‌ಪಿಯ ಐವರೂ ವಿರುದ್ಧ ಹೋದರು. ಇವರಲ್ಲಿ ಯಾರೊಬ್ಬರು ಈ ಕಡೆ ಬಂದಿದ್ದರೂ ಸರ್ಕಾರ ಉಳೀತಿತ್ತು.

ಅರಳಿಕಟ್ಟೆ
269-269 ಆಗಿದ್ದರೆ?

ಕಾನೂನು_ಕಟ್ಟೆ
100(1)ನೇ ವಿಧಿ. ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕಲ್ಲ, ಸಮ ಬಂದರೆ ಮಾತ್ರ ನಿರ್ಣಾಯಕ ಮತ. ಬಾಲಯೋಗಿ ತೆಲುಗು ದೇಶಂನವರು, ಆ ಪಕ್ಷ ಆಗ ವಾಜಪೇಯಿ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಡ್ತಿತ್ತು.